ಹುಡುಗರ ಕಂಠ ಪಳಗಿದ ಮನೆ: ಗುಬ್ಬಿ ಕಂಪನಿಯ ಕಥೆ

ಗುಬ್ಬಿ ಕಂಪನಿಯ ಹೆಸರೆತ್ತಿದರೆ ಹಿರಿಯರ ಬಾಯಲ್ಲಿ ಮೊದಲು ಬರುವುದು ರಂಗದ ಮೇಲೆ ನಡೆದು ಬಂದ ಆನೆ, ಓಡಿದ ಕುದುರೆ, ಹೊತ್ತಿ ಉರಿದ ದೀಪಗಳ ಸಾಲು. ಆ ವೈಭವದ ಬಗ್ಗೆ ಸಾಕಷ್ಟು ಬರೆದಿದ್ದಾರೆ, ಬರೆಯಬೇಕಾದದ್ದೇ. ಕಂಪನಿ ಹುಟ್ಟಿ 140 ವರ್ಷ ಕಳೆದಿರುವ ಈ ಹೊತ್ತಿನ ಸಂಚಿಕೆಗೆ ನಾನು ಬೇರೊಂದು ಎಳೆ ಹಿಡಿದಿದ್ದೇನೆ. ಆ ಕಂಪನಿಯ ಬಾಗಿಲಿಗೆ ಬಂದ ಹುಡುಗರು, ಅವರ ಕಂಠವನ್ನು ಪರೀಕ್ಷಿಸಿ ಒಳಗೆ ಕರೆದುಕೊಂಡ ಬಗೆ, ಆಮೇಲೆ ಆ ಮಕ್ಕಳು ಏನಾದರು ಎಂಬುದು ನನ್ನ ವಿಷಯ. ಗುಬ್ಬಿಗೂ ನಮ್ಮ ತೊಂಡೇಬಾವಿ ಸೀಮೆಗೂ ನೇರ ನೆಂಟಸ್ತಿಕೆ ಇದ್ದಂತೆ ಕಾಣುವುದಿಲ್ಲ. ಆದರೂ ಗೌರಿಬಿದನೂರು, ಮಂಚೇನಹಳ್ಳಿ, ಶಿಡ್ಲಘಟ್ಟ, ಚಿಂತಾಮಣಿಯ ಯಾವುದೇ ಊರಿನಲ್ಲಿ ಪೌರಾಣಿಕ ನಾಟಕದ ತಾಲೀಮು ನಡೆಯುವಾಗ ಕೇಳಿಬರುವ ಮಟ್ಟುಗಳು ಆ ಕಾಲದ ಕಂಪನಿಗಳಿಂದಲೇ ಹರಿದು ಬಂದವು.

1884: ಪೇಟೆ ಊರಿನಲ್ಲಿ ಒಂದು ಮಂಡಳಿ

ಆ ಹೊತ್ತಿಗೆ ಕನ್ನಡದಲ್ಲಿ ಪರದೆ ಕಟ್ಟಿ ಆಡುವ ನಾಟಕ ಇನ್ನೂ ಹೊಸದು. ಗದಗಿನಲ್ಲಿ ಶಾಂತಕವಿಗಳು 1870ರ ದಶಕದಲ್ಲೇ ಮಂಡಳಿ ಕಟ್ಟಿ ದಾರಿ ತೋರಿಸಿದ್ದರು. ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಆಸರೆಯಲ್ಲಿ ಅರಮನೆಯ ನಾಟಕ ಸಭೆ 1880ರ ದಶಕದ ಆರಂಭದಲ್ಲಿ ಮೊದಲಾಯಿತು. ಬಸವಪ್ಪ ಶಾಸ್ತ್ರಿಗಳು ಕನ್ನಡಕ್ಕೆ ತಂದ ಶಾಕುಂತಲ ಅದರ ಹೆಮ್ಮೆಯ ನಾಟಕ. ಅರಮನೆಯ ನಾಟಕಕ್ಕೆ ಅರಮನೆಯೇ ಪ್ರೇಕ್ಷಕ. ಹಳ್ಳಿಗಳಲ್ಲಿ ಮೂಡಲಪಾಯ ಯಕ್ಷಗಾನ ಇತ್ತು. ಭಾಗವತರ ಪದ, ಮುಖವೀಣೆಯ ನಾದ, ಬೆಳಗಾಗುವವರೆಗೆ ಕುಣಿತ. ಸುಗ್ಗಿ ಮುಗಿದ ಮೇಲೆ ಊರ ಹುಡುಗರು ಹೆಜ್ಜೆ ಕಲಿಯುತ್ತಿದ್ದದ್ದು ಅಲ್ಲಿಯೇ. ಅರಮನೆಗೂ ಹಳ್ಳಿಯ ಬಯಲಿಗೂ ನಡುವೆ ಇದ್ದ ಪೇಟೆ ಊರುಗಳಿಗೆ ಮಾತ್ರ ತಮ್ಮದೇ ಎನ್ನುವ ರಂಗ ಇರಲಿಲ್ಲ.

ಗುಬ್ಬಿ ಅಂಥ ಪೇಟೆ ಊರು. ಅಡಿಕೆ, ತೆಂಗು, ಸಂತೆ, ವ್ಯಾಪಾರ. ಆ ಊರಿನ ಚಂದಣ್ಣನವರು, ಅಬ್ದುಲ್ ಅಜೀಜ್ ಸಾಹೇಬರು ಮತ್ತು ಅವರ ಗೆಳೆಯರು ಸೇರಿ 1884ರಲ್ಲಿ ಊರ ದೇವರು ಚನ್ನಬಸವೇಶ್ವರನ ಹೆಸರಿನಲ್ಲಿ ನಾಟಕ ಸಂಘ ಕಟ್ಟಿದರು. ಚನ್ನಬಸವೇಶ್ವರನ ಹೆಸರಿನ ಸಂಘಕ್ಕೆ ಒಬ್ಬ ಸಾಹೇಬರು ಹೆಗಲು ಕೊಟ್ಟರೆಂಬುದನ್ನು ಆಗ ಯಾರೂ ದೊಡ್ಡ ಸುದ್ದಿ ಮಾಡಿದಂತೆ ತೋರುವುದಿಲ್ಲ. ಇಂದು ಮಾತ್ರ ಅದನ್ನು ಗಟ್ಟಿಯಾಗಿ ಹೇಳಿ ದಾಖಲಿಸುವುದು ಈ ಸಂಚಿಕೆಯ ಕರ್ತವ್ಯ ಎಂದು ನನಗನ್ನಿಸುತ್ತದೆ. ಊರವರ ಹವ್ಯಾಸವಾಗಿ ಮೊದಲಾದದ್ದು ಕೆಲವೇ ವರ್ಷಗಳಲ್ಲಿ ಊರೂರು ತಿರುಗುವ ಕಂಪನಿಯಾಯಿತು. ರೈಲು ಬಂದ ಕಾಲವದು. ಪರದೆ, ಪೆಟ್ಟಿಗೆ, ತಗಡಿನ ಗೋಡೆ, ಅಡಿಗೆಯ ಪಾತ್ರೆಗಳನ್ನೆಲ್ಲ ವ್ಯಾಗನ್ನಿಗೆ ತುಂಬಿ ಊರಿಂದೂರಿಗೆ ಸಾಗಿಸುವುದು ಸಾಧ್ಯವಾಯಿತು. ಬೆಂಗಳೂರಿನಿಂದ ಹಿಂದೂಪುರದ ಕಡೆಗೆ ನಮ್ಮ ತೊಂಡೇಬಾವಿಯ ಮೇಲೆ ಹಾಯುವ ಹಳಿ ಬಿದ್ದದ್ದೂ 1890ರ ದಶಕದಲ್ಲೇ.

1891ರಿಂದ 1917: ಒಳಗೆ ಬಂದ ಬಾಲಕ

1891ರಲ್ಲಿ ಹುಟ್ಟಿದ ವೀರಣ್ಣ ಕಂಪನಿಗೆ ಸೇರಿದಾಗ ಆರೇಳು ವರ್ಷದ ಮಗು. ಅಕ್ಷರ ಕಲಿತದ್ದು, ಹಾಡು ಕಲಿತದ್ದು, ತಬಲಾ ಹಾರ್ಮೋನಿಯಂ ಮುಟ್ಟಿದ್ದು, ಜನರನ್ನು ನಗಿಸುವುದು ಹೇಗೆಂದು ಅರಿತದ್ದು ಎಲ್ಲವೂ ಕಂಪನಿಯ ಚಪ್ಪರದ ಕೆಳಗೆ. ಬಾಲಪಾತ್ರ, ಸ್ತ್ರೀಪಾತ್ರ, ಹಾಸ್ಯಪಾತ್ರ, ಒಂದರ ಮೇಲೊಂದು ಮೆಟ್ಟಿಲು ಹತ್ತಿ 1917ರ ಹೊತ್ತಿಗೆ ಅವರೇ ಕಂಪನಿಯ ಯಜಮಾನರಾದರು. ಸ್ಥಾಪಕರ ಕೈಯಿಂದ ಹೊಸ ತಲೆಮಾರಿನ ಕೈಗೆ ಬರುವಾಗ ಪಾಲು, ಲೆಕ್ಕಾಚಾರ, ಮುಂದಿನ ದಾರಿಯ ಬಗ್ಗೆ ಯಾವ ಸಂಸ್ಥೆಯಲ್ಲೂ ಮಾತುಕತೆ ನಡೆಯುತ್ತದೆ, ಇಲ್ಲಿಯೂ ನಡೆದಿರಬೇಕು. ಮುಖ್ಯವಾದ ಸಂಗತಿಯೆಂದರೆ ಹೆಸರು ಬದಲಾಗಲಿಲ್ಲ, ದೇವರ ಪಟ ಬದಲಾಗಲಿಲ್ಲ, ಕಂಪನಿ ನಿಲ್ಲಲಿಲ್ಲ. ತಾನೇ ಬಾಲಕನಾಗಿ ಒಳಬಂದಿದ್ದ ಯಜಮಾನರಿಗೆ ಬಾಗಿಲಲ್ಲಿ ನಿಂತ ಹುಡುಗನ ಮುಖ ಓದಲು ಬರುತ್ತಿತ್ತು. ಕಂಪನಿಯ ಮುಂದಿನ ಐವತ್ತು ವರ್ಷಗಳ ಗುಟ್ಟು ನನ್ನ ದೃಷ್ಟಿಯಲ್ಲಿ ಇದೇ.

ಹಾರ್ಮೋನಿಯಂ ಮುಂದೆ ನಿಂತ ಹುಡುಗ

ವೃತ್ತಿ ಕಂಪನಿಗಳಿಗೆ ಹೊಸ ಹುಡುಗರನ್ನು ಸೇರಿಸಿಕೊಳ್ಳುವ ಪದ್ಧತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅರ್ಜಿಯಿಲ್ಲ, ಪ್ರಮಾಣಪತ್ರವಿಲ್ಲ. ಕಂಪನಿ ಊರಲ್ಲಿ ಕ್ಯಾಂಪು ಹಾಕಿದಾಗ ನಾಟಕ ನೋಡಿ ಹುಚ್ಚು ಹಿಡಿದ ಹುಡುಗ ಮರುದಿನ ಚಪ್ಪರದ ಸುತ್ತ ಸುಳಿಯುತ್ತಾನೆ. ಇಲ್ಲವೇ ಬಡತನಕ್ಕೆ ಸೋತ ತಂದೆಯೇ ಕೈಹಿಡಿದು ಕರೆತಂದು ಎರಡು ಹೊತ್ತು ಊಟ ಸಿಕ್ಕರೆ ಸಾಕೆನ್ನುತ್ತಾನೆ. ಮೇಷ್ಟ್ರು ಕಾಲಿನಿಂದ ತಿದಿಯೊತ್ತುವ ಹಾರ್ಮೋನಿಯಂ ಮುಂದೆ ಕೂತು ಒಂದು ಮನೆ ಒತ್ತಿ ಹಿಡಿಯುತ್ತಾರೆ. ಹುಡುಗ ತನಗೆ ಬಂದ ದೇವರನಾಮವನ್ನೋ ಭಜನೆಯನ್ನೋ ಹಾಡಬೇಕು. ಮೊದಲು ನೋಡುವುದು ಕಂಠ ಶ್ರುತಿಗೆ ತಾನಾಗಿ ಸೇರುತ್ತದೆಯೋ ಇಲ್ಲವೋ. ಆಮೇಲೆ ಮನೆ ಏರಿಸುತ್ತಾ ಹೋಗುತ್ತಾರೆ. ಬಿಳಿ ಮನೆ ಬಿಟ್ಟು ಕಪ್ಪು ಮನೆ, ಅದನ್ನು ಬಿಟ್ಟು ಇನ್ನೂ ಮೇಲೆ. ಧ್ವನಿವರ್ಧಕ ಇಲ್ಲದ ಕಾಲ. ನೆಲದ ಮೇಲೆ ಕೂತ ಕಡೆಯ ಸಾಲಿನವನಿಗೂ ಮಾತು ಮುಟ್ಟಬೇಕೆಂದರೆ ಎತ್ತರದ ಶ್ರುತಿಯೇ ಗತಿ. ಕಂಪನಿ ನಾಟಕದ ಹಾಡುಗಾರಿಕೆ ಅಷ್ಟು ಏರುಕಂಠದ್ದಾಗಿ ಬೆಳೆದದ್ದಕ್ಕೆ ಇದು ದೊಡ್ಡ ಕಾರಣ.

ಎರಡನೆಯದು ಮಾತು. ಒಂದು ಉದ್ದನೆಯ ವಾಕ್ಯ ಹೇಳಿಕೊಟ್ಟು ಹಾಗೆಯೇ ಒಪ್ಪಿಸಲು ಹೇಳುವುದು. ಅಲ್ಪಪ್ರಾಣ, ಮಹಾಪ್ರಾಣ, ಶಕಾರ, ಷಕಾರ ಬೆರೆಯಬಾರದು. ಹಳ್ಳಿಯ ಹುಡುಗರು ಸೋಲುತ್ತಿದ್ದದ್ದು ಇಲ್ಲಿ, ತಿದ್ದಿ ಗೆಲ್ಲಿಸುತ್ತಿದ್ದದ್ದೂ ಇಲ್ಲಿಯೇ. ಶಾಲೆಯ ಮೆಟ್ಟಿಲು ಹತ್ತದ ಎಷ್ಟೋ ಮಕ್ಕಳ ನಾಲಿಗೆ ಹಳಗನ್ನಡದ ಕಂದ, ವೃತ್ತಗಳಿಗೆ ಪಳಗಿದ್ದು ಕಂಪನಿಯಲ್ಲಿ. ಮೂರನೆಯದು ರೂಪ, ನಿಲುವು. ಅದಕ್ಕೆ ಕೊನೆಯ ಜಾಗ. ಬಣ್ಣ ಹಚ್ಚಿದ ಮೇಲೆ ಮುಖ ಸಿಕ್ಕುತ್ತದೆ, ಕಂಠ ಸಿಕ್ಕುವುದಿಲ್ಲವೆಂದು ಮೇಷ್ಟ್ರುಗಳು ಬಲ್ಲರು.

ಆಯ್ಕೆಯಾದವನಿಗೆ ಮರುದಿನವೇ ಪ್ರಹ್ಲಾದನ ಪಾತ್ರ ಸಿಕ್ಕುವುದಿಲ್ಲ. ಮೊದಲು ಗುಂಪಿನಲ್ಲಿ ನಿಲ್ಲಬೇಕು, ಪ್ರಾರ್ಥನೆಗೆ ದನಿಗೂಡಿಸಬೇಕು, ಪರದೆ ಎಳೆಯಬೇಕು. ಆಮೇಲೆ ಸಖಿ, ಬಾಲಗೋಪಾಲ. ಅಲ್ಲಿಂದ ಲೋಹಿತಾಶ್ವ, ಧ್ರುವ, ಮಾರ್ಕಂಡೇಯ. ದೊಡ್ಡವರ ಮಾತೂ ಹಾಡೂ ದಿನಾ ಕಿವಿಗೆ ಬಿದ್ದು ಬಾಯಿಪಾಠವಾಗುವುದರಿಂದ, ಯಾರಿಗಾದರೂ ಜ್ವರ ಬಂದ ರಾತ್ರಿ ಹುಡುಗನ ಬಾಗಿಲು ತೆರೆಯುತ್ತದೆ. ಬೆಳಿಗ್ಗೆ ಸಾಧನೆ, ಮಧ್ಯಾಹ್ನ ಪಾಠ, ರಾತ್ರಿ ರಂಗ.

ಈ ಮಕ್ಕಳ ಬದುಕಿನಲ್ಲಿ ಕಠಿಣವಾದ ಕಾಲವೊಂದಿತ್ತು: ಕಂಠ ಒಡೆಯುವ ಹದಿನಾಲ್ಕು ಹದಿನೈದರ ವಯಸ್ಸು. ನಿನ್ನೆಯವರೆಗೆ ‘ಒನ್ಸ್ ಮೋರ್’ ಕೂಗಿಸಿಕೊಂಡವನು ಇಂದು ಬಾಯಿ ತೆರೆದರೆ ಎರಡು ದನಿ. ಸ್ತ್ರೀಪಾತ್ರವೂ ಒಗ್ಗುವುದಿಲ್ಲ, ಪುರುಷಪಾತ್ರಕ್ಕೆ ಮೀಸೆಯೂ ಬಂದಿಲ್ಲ. ಸಣ್ಣ ಮಂಡಳಿಗಳಲ್ಲಿ ಹುಡುಗರು ಮನೆಗೆ ಮರಳುತ್ತಿದ್ದದ್ದು ಈ ಹಂತದಲ್ಲಿ. ದೊಡ್ಡ ಕಂಪನಿಗೆ ಅವರನ್ನು ಇಟ್ಟುಕೊಳ್ಳುವ ಶಕ್ತಿಯಿತ್ತು. ಪ್ರಾಂಪ್ಟಿಂಗ್, ತಬಲಾ, ಸೀನರಿಯ ಬಣ್ಣ, ದೀಪದ ಕೆಲಸ, ಟಿಕೆಟ್ ಕೌಂಟರ್, ಯಾವುದಕ್ಕಾದರೂ ಹಚ್ಚುತ್ತಿದ್ದರು. ಕಂಠ ತಿಳಿಯಾದ ಮೇಲೆ ಮತ್ತೆ ರಂಗಕ್ಕೆ ಬಂದವರಿದ್ದಾರೆ. ಬಾರದವರು ಬೇರೆ ಕಸುಬು ಕಲಿತು ಬದುಕಿದ್ದಾರೆ. ರಂಗಭೂಮಿಯ ಎಲ್ಲ ಕೆಲಸ ಬಲ್ಲ ಮನುಷ್ಯ ತಯಾರಾಗುತ್ತಿದ್ದದ್ದು ಈ ಕಾಯುವ ವರ್ಷಗಳಲ್ಲಿ. ಶಿಸ್ತು ಬಿಗಿಯಾಗಿತ್ತು, ಕೆಲವೊಮ್ಮೆ ಮಗುವಿನ ವಯಸ್ಸಿಗೆ ಮೀರಿದ್ದಾಗಿತ್ತು ಎನ್ನುವುದನ್ನೂ ಒಪ್ಪಿಕೊಳ್ಳಬೇಕು. ಆದರೆ ಆ ದಿನಗಳಲ್ಲಿ ಬಡವರ ಮನೆಯ, ಹಾಡಬಲ್ಲ ಮಗುವಿಗೆ ಊಟ ಹಾಕಿ ವಿದ್ಯೆ ಹೇಳುವ ಜಾಗಗಳು ಎಷ್ಟಿದ್ದವು? ಮಠಗಳಿದ್ದವು, ನಾಟಕ ಕಂಪನಿಗಳಿದ್ದವು. ಧಾರವಾಡದ ಕಡೆ ಬಾಲಕ ಮಲ್ಲಿಕಾರ್ಜುನ ಮನಸೂರರು ಜನರೆದುರು ಹಾಡಿದ್ದು ವಾಮನರಾವ್ ಮಾಸ್ತರರ ನಾಟಕ ಕಂಪನಿಯಲ್ಲಿ. ಬಸವರಾಜ ರಾಜಗುರುಗಳೂ ಬಾಲ್ಯದಲ್ಲಿ ಅದೇ ಕಂಪನಿ ಸೇರಿದವರು.

1917ರಿಂದ 1934: ಕಂಪನಿ ಬೆಳೆದ ಬಗೆ

ವೀರಣ್ಣನವರ ಕೈಯಲ್ಲಿ ಕಂಪನಿ ಕನ್ನಡನಾಡನ್ನು ದಾಟಿತು. ತೆಲುಗು, ತಮಿಳು ನಾಟಕಗಳನ್ನೂ ಆಡಿ ಆಂಧ್ರ, ಮದರಾಸುಗಳಲ್ಲಿ ಹೆಸರಾಯಿತು. ನಾಟಕರತ್ನ, ಕರ್ನಾಟಕಾಂಧ್ರ ನಾಟಕ ಸಾರ್ವಭೌಮ ಎಂಬ ಬಿರುದುಗಳು ಬಂದವು. ಬೆಳ್ಳಾವೆ ನರಹರಿ ಶಾಸ್ತ್ರಿಗಳಂಥ ಕವಿಗಳು ಕಂಪನಿಗಾಗಿ ಬರೆದರು. ‘ಸದಾರಮೆ’ ನಾಟಕದ ಕಳ್ಳನಾಗಿ ವೀರಣ್ಣನವರು ಪಡೆದ ಕೀರ್ತಿಯನ್ನು ಇನ್ನೊಬ್ಬ ನಟ ಒಂದೇ ಪಾತ್ರದಿಂದ ಪಡೆದದ್ದು ಕಡಿಮೆ.

ಸ್ತ್ರೀಪಾತ್ರವನ್ನು ಹೆಣ್ಣುಮಕ್ಕಳೇ ಮಾಡುವಂತಾದದ್ದು ಈ ಘಟ್ಟದ ದೊಡ್ಡ ಹೆಜ್ಜೆ. ಅಲ್ಲಿಯವರೆಗೆ ಸಣ್ಣ ದನಿಯ ಹುಡುಗರದೇ ದ್ರೌಪದಿ, ಸೀತೆ, ಶಕುಂತಲೆ. ಸುಂದರಮ್ಮ, ಆಮೇಲೆ ಬಿ. ಜಯಮ್ಮನವರು ರಂಗಕ್ಕೆ ಬಂದಾಗ ಊರುಗಳಲ್ಲಿ ಗುಸುಗುಸು ಎದ್ದಿತು, ಹಾಡು ಮುಗಿಯುವ ಹೊತ್ತಿಗೆ ಅಡಗಿತು. ಹುಡುಗರಿಗಾಗಿದ್ದ ಪಾತ್ರಗಳು ಇದರಿಂದ ಕಡಿಮೆಯಾದವೇ ಎಂದು ಕೇಳಬಹುದು. ಆದವು. ಅದರ ಬದಲಿಗೆ ಹೆಣ್ಣುಮಕ್ಕಳಿಗೊಂದು ದಾರಿ ತೆರೆಯಿತು, ಅದು ಹೆಚ್ಚು ಬೆಲೆಯುಳ್ಳದ್ದು. ಮಕ್ಕಳು ಮತ್ತು ಎಳೆಯರಿಗಾಗಿಯೇ ವೀರಣ್ಣನವರು ಬೇರೆ ತಂಡ ಕಟ್ಟಿ ತಾಲೀಮು ಕೊಡಿಸಿದ್ದನ್ನೂ ಇಲ್ಲಿ ನೆನೆಯಬೇಕು.

ಮೂಕಿಚಿತ್ರದ ಕಡೆಗೂ ಅವರ ಮನಸ್ಸು ಹರಿಯಿತು. 1931ರಲ್ಲಿ ‘ಹಿಸ್ ಲವ್ ಅಫೇರ್’, 1932ರಲ್ಲಿ ‘ಹರಿಮಾಯಾ’. ಈ ಸಾಹಸಗಳು ಕಂಪನಿಯ ಬೊಕ್ಕಸಕ್ಕೆ ಭಾರವಾಗಿದ್ದಿರಬೇಕು, ಒಳಗೆ ಅಸಮ್ಮತಿಯೂ ಇದ್ದಿರಬೇಕು. ಕಲಾವಿದರು ಹೊರಟು ಬೇರೆ ಮಂಡಳಿ ಸೇರುವುದು, ಮತ್ತೆ ಬರುವುದು ಆ ಕಾಲದ ರಂಗಭೂಮಿಯಲ್ಲಿ ಮಾಮೂಲು. ಹೊರಟವರು ಹೋದಲ್ಲೆಲ್ಲ ಗುಬ್ಬಿಯ ಮಟ್ಟುಗಳನ್ನು ಒಯ್ದರು ಎಂಬುದನ್ನು ಲಾಭದ ಕಡೆಗೇ ಬರೆದುಕೊಳ್ಳೋಣ.

1934ರಿಂದ 1954: ಕುರುಕ್ಷೇತ್ರ, ಆಮೇಲೆ ಬೆಳ್ಳಿತೆರೆ

ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ 1930ರ ದಶಕದಲ್ಲಿ ರಂಗವೇರಿದಾಗ ನಿಜವಾದ ಆನೆ ಕುದುರೆಗಳು ಬಂದವು. ಪ್ರೇಕ್ಷಕ ಬೆರಗಾದ. ಆನೆ ಕುದುರೆ ಸಾಕುವ, ನೂರಾರು ಜನಕ್ಕೆ ಅಡಿಗೆ ಮಾಡುವ, ತಗಡಿನ ಥಿಯೇಟರನ್ನು ಬಿಚ್ಚಿ ಕಟ್ಟುವ ಕಂಪನಿ ಅಷ್ಟರಲ್ಲಿ ಒಂದು ಚಲಿಸುವ ಊರೇ ಆಗಿತ್ತು. ಬೆಂಗಳೂರಿನಲ್ಲಿ ಸ್ವಂತ ಥಿಯೇಟರು ಕಟ್ಟಿದ್ದೂ ವೀರಣ್ಣನವರ ಸಾಧನೆಗಳಲ್ಲೊಂದು. ಮೆಜೆಸ್ಟಿಕ್ ಸುತ್ತಿನಲ್ಲಿ ಗುಬ್ಬಿ ಥಿಯೇಟರಿನ ನೆನಪಿರುವವರು ಇಂದಿಗೂ ಇದ್ದಾರೆ.

ಈ ಚಲಿಸುವ ಊರಿನಲ್ಲಿ ಬೆಳೆದ ಮಕ್ಕಳ ಹೆಸರು ನೋಡಿ. ನಂಜನಗೂಡಿನ ಕಡೆಯಿಂದ ಎಂಟು ವರ್ಷದ ಹುಡುಗನಾಗಿ ಬಂದ ಜಿ.ವಿ. ಅಯ್ಯರ್ ಮುಂದೆ ಸಂಸ್ಕೃತದಲ್ಲಿ ‘ಆದಿ ಶಂಕರಾಚಾರ್ಯ’ ಚಿತ್ರ ಮಾಡಿದರು. ಬಂಟ್ವಾಳದ ಮಂಚಿಯ ಬಾಬುಕೋಡಿಯಿಂದ ಮನೆ ಬಿಟ್ಟು ಓಡಿಬಂದ ಬಿ.ವಿ. ಕಾರಂತರನ್ನು ಕಂಪನಿ ಒಳಗೆ ಕರೆದುಕೊಂಡಿತು. ಹುಡುಗನಿಗೆ ಓದಿನ ಹಸಿವಿದೆಯೆಂದು ಕಂಡ ವೀರಣ್ಣನವರು ಅವರನ್ನು ಕಾಶಿಗೆ ಕಳಿಸಿದರು. ಅಲ್ಲಿ ಅವರು ಹಿಂದಿ ಎಂ.ಎ. ಮಾಡಿದರು, ಓಂಕಾರನಾಥ ಠಾಕೂರರ ಬಳಿ ಹಿಂದೂಸ್ತಾನಿ ಸಂಗೀತ ಕಲಿತರು. ತನ್ನ ಲಾಭಕ್ಕೆ ದುಡಿಯಬಲ್ಲ ನಟನನ್ನು ಓದಲು ದೂರ ಕಳಿಸುವ ಯಜಮಾನರು ಅಪರೂಪ. ಗುಬ್ಬಿ ಕಂಪನಿಯನ್ನು ವಿದ್ಯಾಸಂಸ್ಥೆಯೆಂದು ಕರೆಯಲು ಈ ಒಂದು ಸಂಗತಿ ನನಗೆ ಸಾಕು.

ಇನ್ನೊಬ್ಬ ಹುಡುಗ ಮುತ್ತುರಾಜ. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಕಂಪನಿಯ ಹೆಸರಾಂತ ನಟ. ಪ್ರಾಥಮಿಕ ಶಾಲೆಯಲ್ಲೇ ಓದು ನಿಂತು, ಸಣ್ಣ ಪಾತ್ರಗಳಲ್ಲಿ ನಿಂತು, ತಂದೆಯ ನೆರಳಲ್ಲಿ ಹಾಡು ಮಾತು ಕಲಿತ ಬಾಲಕ. ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ ‘ಬೇಡರ ಕಣ್ಣಪ್ಪ’ 1954ರಲ್ಲಿ ಬಂದಾಗ ರಾಜ್‌ಕುಮಾರ್ ಎಂಬ ಹೆಸರು ನಾಡಿಗೆ ಸಿಕ್ಕಿತು. ಆ ಚಿತ್ರದ ಹಿಂದೆಯೂ ಗುಬ್ಬಿಯವರ ಸಂಸ್ಥೆ ಇತ್ತು. ಬಹುಕಾಲ ಬೇರೆಯವರ ಹಿನ್ನೆಲೆ ಗಾಯನಕ್ಕೆ ತುಟಿಯಾಡಿಸಿದ ಅವರು 1974ರ ‘ಸಂಪತ್ತಿಗೆ ಸವಾಲ್’ ನಂತರ ತಮ್ಮ ಹಾಡನ್ನು ತಾವೇ ಹಾಡತೊಡಗಿದರು. 1992ರ ‘ಜೀವನ ಚೈತ್ರ’ದ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಸಿನಿಮಾದವರು ಅದನ್ನು ಸಿನಿಮಾದ ಸಾಧನೆ ಎನ್ನುತ್ತಾರೆ. ಆ ಕಂಠ ಪಳಗಿದ್ದು ಚಪ್ಪರದ ಕೆಳಗೆ, ಚಿಕ್ಕ ವಯಸ್ಸಿನಲ್ಲಿ.

1954ರಿಂದ 1972

ಚಿತ್ರಮಂದಿರಗಳು ಹೆಚ್ಚಿದವು, ಕ್ಯಾಂಪುಗಳ ಗಳಿಕೆ ಇಳಿಯಿತು. 1955ರಲ್ಲಿ ವೀರಣ್ಣನವರಿಗೆ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 1972ರಲ್ಲಿ ಪದ್ಮಶ್ರೀ. ಅದೇ ವರ್ಷದ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ‘ಕಲೆಯೇ ಕಾಯಕ’ ಎಂಬ ಅವರ ಆತ್ಮಕಥೆ ಕಂಪನಿಯ ಒಳಗಿನ ಬದುಕಿಗೆ ನಮಗಿರುವ ಒಳ್ಳೆಯ ಸಾಕ್ಷಿ. ಮನೆಯವರು ಕಂಪನಿಯನ್ನು ಕೆಲಕಾಲ ಮುನ್ನಡೆಸಿದರು. ಇಂದು ತುಮಕೂರಿನ ರಂಗಮಂದಿರಕ್ಕೆ ಅವರ ಹೆಸರಿದೆ, ರಾಜ್ಯ ಸರ್ಕಾರದ ರಂಗಭೂಮಿ ಪ್ರಶಸ್ತಿಗೂ ಇದೆ.

ನಮ್ಮ ಸೀಮೆಯ ತಾಲೀಮು

ತೊಂಡೇಬಾವಿ ಹೋಬಳಿ ಕನ್ನಡ ತೆಲುಗು ಎರಡನ್ನೂ ಮನೆಯೊಳಗೆ ಆಡುವ ಗಡಿನಾಡು. ಕೈವಾರ ತಾತಯ್ಯನವರು ಎರಡೂ ಭಾಷೆಯಲ್ಲಿ ಪದ ಕಟ್ಟಿದ ನೆಲ. ಇಲ್ಲಿ ಒಂದೂರಿನಲ್ಲಿ ಕನ್ನಡದ ಕುರುಕ್ಷೇತ್ರ, ಸತ್ಯಹರಿಶ್ಚಂದ್ರ, ಶನಿಪ್ರಭಾವ ನಡೆದರೆ, ಪಕ್ಕದೂರಿನಲ್ಲಿ ತಿರುಪತಿ ವೆಂಕಟ ಕವಿಗಳ ‘ಪಾಂಡವೋದ್ಯೋಗ ವಿಜಯಾಲು’ ನಾಟಕದ ಪದ್ಯಗಳು ಕೇಳುತ್ತವೆ. ಎರಡೂ ಭಾಷೆಯಲ್ಲಿ ಆಡಿದ ಕಂಪನಿಯ ರುಚಿ ಇಂಥ ನೆಲಕ್ಕೆ ಬೇಗ ಹತ್ತಿತು. ಇಲ್ಲಿ ಆಡುವ ಕುರುಕ್ಷೇತ್ರದ ಪುಸ್ತಕ ಬಿ. ಪುಟ್ಟಸ್ವಾಮಯ್ಯನವರದೇ ಆಗಿರಬೇಕೆಂದಿಲ್ಲ. ಹಲವರ ಪದ್ಯ, ಹಲವು ಕಂಪನಿಗಳ ಮಟ್ಟು ಸೇರಿ ಹಳ್ಳಿಯ ಮೇಷ್ಟ್ರ ಕೈಬರಹದಲ್ಲಿ ರೂಪುಗೊಂಡದ್ದು ಅದು.

ಕಂಪನಿಗಳು ಒಂದೊಂದಾಗಿ ಮುಚ್ಚಿದಾಗ ಕಸುಬು ಬಲ್ಲ ಹಾರ್ಮೋನಿಯಂ ಮೇಷ್ಟ್ರುಗಳು ಹಳ್ಳಿ ಹಿಡಿದರು. ಅವರ ಶಿಷ್ಯರ ಶಿಷ್ಯರು ಇಂದಿಗೂ ಊರೂರಿನಲ್ಲಿ ಕಲಿಸುತ್ತಿದ್ದಾರೆ. ಬೆಳೆ ಕೊಯ್ಲಾದ ಮೇಲೆ ಗುಡಿಯಲ್ಲೋ ಶಾಲೆಯಲ್ಲೋ ರಾತ್ರಿ ಊಟ ಮುಗಿಸಿ ಸೇರುತ್ತಾರೆ. ರೇಷ್ಮೆ ಸಾಕುವವರು, ಹಾಲಿನ ಡೇರಿಯವರು, ಕಾರ್ಖಾನೆಯ ಪಾಳಿ ಮುಗಿಸಿ ಬಂದ ಯುವಕರು, ಬೆಂಗಳೂರಿನ ರೈಲಿಳಿದು ನೇರ ಬಂದವರು. ಎರಡು ಮೂರು ತಿಂಗಳ ತಾಲೀಮು, ಜಾತ್ರೆಗೋ ಶಿವರಾತ್ರಿಗೋ ನಾಟಕ.

ಪಾತ್ರ ಹಂಚಿಕೆಯ ರಾತ್ರಿ ನೋಡುವಂಥದ್ದು. ಮೇಷ್ಟ್ರು ಒಬ್ಬೊಬ್ಬರನ್ನೇ ಹಾಡಿಸಿ ಕಂಠಕ್ಕೆ ತಕ್ಕ ಪಾತ್ರ ಹೇಳುತ್ತಾರೆ: ಮೃದು ಕಂಠಕ್ಕೆ ಕೃಷ್ಣ, ತುಂಬು ಕಂಠಕ್ಕೆ ದುರ್ಯೋಧನ, ಉಸಿರು ಗಟ್ಟಿಯಿದ್ದವನಿಗೆ ಭೀಮ. ಈ ಮಟ್ಟಿಗೆ ಅದು ಹಳೆಯ ಕಂಪನಿಯ ಪರೀಕ್ಷೆಯೇ. ಆದರೆ ಒಂದು ವ್ಯತ್ಯಾಸ ಬಂದಿದೆ, ಅದನ್ನು ಮುಚ್ಚಿಡಲಾರೆ. ಸೀನರಿ, ಡ್ರೆಸ್ಸು, ಧ್ವನಿವರ್ಧಕ, ಮೇಷ್ಟ್ರ ಸಂಭಾವನೆ, ಹೊರಗಿನಿಂದ ಬರುವ ನಟಿಯರ ಸಂಭಾವನೆ ಎಲ್ಲವನ್ನೂ ಪಾತ್ರಧಾರಿಗಳೇ ಭರಿಸಬೇಕಾದ್ದರಿಂದ ಪಾತ್ರಕ್ಕಿಷ್ಟು ಎಂದು ದುಡ್ಡು ಕಟ್ಟುವ ರೂಢಿ ಬೆಳೆದಿದೆ. ಮುಖ್ಯ ಪಾತ್ರಕ್ಕೆ ಹೆಚ್ಚು, ದೂತನಿಗೆ ಕಡಿಮೆ. ಯಾರ ಮೇಲೂ ತಪ್ಪು ಹೊರಿಸುವಂತಿಲ್ಲ, ಖರ್ಚು ನಿಜವಾದದ್ದು. ಆದರೂ ಕಂಪನಿ ಹುಡುಗನ ಕಂಠ ಕೇಳಿ ಊಟ ಹಾಕುತ್ತಿತ್ತು, ಇಂದು ಕಂಠವಿದ್ದ ಕೂಲಿಯವರ ಹುಡುಗ ದುಡ್ಡಿಲ್ಲದೆ ಪ್ರೇಕ್ಷಕನಾಗಿ ಕೂರುತ್ತಾನೆ. ಊರಿನ ಹೆಣ್ಣುಮಕ್ಕಳಂತೂ ತಾಲೀಮಿನ ಬಾಗಿಲಾಚೆಯೇ ಇದ್ದಾರೆ. ಜಯಮ್ಮನವರು ರಂಗಕ್ಕೆ ಬಂದು ಇಷ್ಟು ಕಾಲವಾದ ಮೇಲೂ ನಮ್ಮೂರ ದ್ರೌಪದಿ ಬೇರೂರಿನಿಂದ ಬರಬೇಕು.

1976ರ ಈಚೆಗೆ: ಮೊಮ್ಮಕ್ಕಳ ಕಾಲ

ನಾಲ್ಕನೆಯ ವಯಸ್ಸಿಗೇ ತಾತ ವೀರಣ್ಣನವರ ಕಂಪನಿಯಲ್ಲಿ ಬಣ್ಣ ಹಚ್ಚಿದ ಬಿ. ಜಯಶ್ರೀ 1976ರಲ್ಲಿ ಸ್ಪಂದನ ತಂಡ ಕಟ್ಟಿದರು. ಹಳೆಯ ಕಂಪನಿಯ ಹಾಡುಗಾರಿಕೆಯನ್ನು ಹೊಸ ರಂಗಭೂಮಿಗೆ ತಂದು, ಸದಾರಮೆಯನ್ನು ಮತ್ತೆ ಎತ್ತಿ, ತಾತ ಮಾಡಿದ್ದ ಕಳ್ಳನ ಪಾತ್ರವನ್ನು ತಾವೇ ಮಾಡಿದರು. 2013ರಲ್ಲಿ ಅವರಿಗೂ ಪದ್ಮಶ್ರೀ ಬಂತು. ಕಾರಂತರು 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದಾಗ ಎಳೆಯ ಕಲಾವಿದರನ್ನು ಆರಿಸಿ, ಹಾಡಿಸಿ, ಕುಣಿಸಿ ವರ್ಷಗಟ್ಟಲೆ ಪಳಗಿಸಿದರು. ಬೇಸಿಗೆಯಲ್ಲಿ ಅಲ್ಲಿ ನಡೆಯುವ ಚಿನ್ನರ ಮೇಳದಲ್ಲಿ ನೂರಾರು ಮಕ್ಕಳು ಸೇರುತ್ತಾರೆ. ಪ್ರೇಮಾ ಕಾರಂತರು ಬೆಂಗಳೂರಿನಲ್ಲಿ ಮಕ್ಕಳ ನಾಟಕಕ್ಕಾಗಿಯೇ ದುಡಿದರು. ಆರ್. ಪರಮಶಿವನ್ ಅವರಂಥವರು ರಂಗಗೀತೆಗಳನ್ನು ಹೊಸಬರಿಗೆ ಕಲಿಸಿದರು. ಗುಬ್ಬಿಯ ಚಪ್ಪರ ಇಳಿದರೂ ಅದರ ಪಾಠಕ್ರಮ ಹೀಗೆ ಬೇರೆ ಬೇರೆ ಮನೆಗಳಲ್ಲಿ ಮುಂದುವರಿದಿದೆ.

ನಮ್ಮ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ನಾಟಕ ಮಂಡಳಿಗಳ ಮುಂದೆ ಈ ಸಂಚಿಕೆಯ ಮೂಲಕ ಒಂದು ಕೋರಿಕೆ ಇಡುತ್ತೇನೆ. ಪ್ರತಿ ನಾಟಕದಲ್ಲೂ ಅಭಿಮನ್ಯು, ಲೋಹಿತಾಶ್ವ, ಬಾಲಕೃಷ್ಣ ಮತ್ತು ಸಖಿಯರ ಪಾತ್ರಗಳನ್ನು ದುಡ್ಡಿಲ್ಲದೆ, ಊರ ಸರ್ಕಾರಿ ಶಾಲೆಯ ಮಕ್ಕಳನ್ನು ಹಾಡಿಸಿ ನೋಡಿ ಕೊಡಲಿ. ಹುಡುಗಿಯರನ್ನೂ ಕರೆಯಲಿ. ತಾಲೀಮು ಆ ಮಕ್ಕಳ ಮಟ್ಟಿಗೆ ರಾತ್ರಿಯ ಬದಲು ಶಾಲೆ ಬಿಟ್ಟ ಹೊತ್ತಿನಲ್ಲಿ ನಡೆಯಲಿ. ವಯಸ್ಸಾದ ಮೇಷ್ಟ್ರುಗಳು ಹೇಳಿಕೊಡುವ ಮಟ್ಟುಗಳನ್ನು ಮೊಬೈಲಿನಲ್ಲಿ ಹಿಡಿದಿಟ್ಟು, ಯಾವ ಪದ್ಯ, ಯಾವ ರಾಗ, ಯಾರಿಂದ ಕಲಿತದ್ದು ಎಂದು ಅವರ ಬಾಯಿಂದಲೇ ಹೇಳಿಸಿ ಬರೆದಿಡಲಿ. ಮುಂದಿನ ಜಾತ್ರೆಯ ನಾಟಕಕ್ಕೆ ಪಾತ್ರ ಹಂಚುವ ರಾತ್ರಿಯಿಂದಲೇ ಇದನ್ನು ಶುರುಮಾಡಬಹುದು. ಇದಕ್ಕೆ ಬೇಕಾದದ್ದು ಒಂದು ಹಾರ್ಮೋನಿಯಂ ಮತ್ತು ತಾಳ್ಮೆಯಿಂದ ಕೇಳುವ ಒಬ್ಬ ಮೇಷ್ಟ್ರು. ಆ ಎರಡಕ್ಕೂ ನಮ್ಮೂರುಗಳಲ್ಲಿ ಇನ್ನೂ ಕೊರತೆಯಿಲ್ಲ.